ಜಾಲಿ ಕಡಿದ ಮೇಲೆ ಏನು?

ದನದ ಡಾಕ್ಟರಮ್ಮನ ಅಂಚೆ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮಗೆ ಮುತ್ತಜ್ಜನ ಕಾಲದಿಂದ ಬಂದ 26 ಎಕರೆ ಹುಲ್ಲಿನ ಬೀಳು ಇದೆ. ಅಜ್ಜ ಇದ್ದಾಗ ಅಲ್ಲಿ 60 ದನ ಮೇಯುತ್ತಿದ್ದವಂತೆ. ಈಗ ಮನೆಯಲ್ಲಿ 4 ಹಸು, ಬೀಳಿನ ತುಂಬ ಬಳ್ಳಾರಿ ಜಾಲಿ. ಮಗ ಟೆಕ್ಸಸ್‌ನಲ್ಲಿದ್ದಾನೆ. ಅಲ್ಲಿ ಐದು ತಲೆಮಾರಿನಿಂದ ದನ ಮೇಯಿಸುವ ರ‍್ಯಾಂಚ್ ಇಟ್ಟುಕೊಂಡ ಮನೆತನದ ವಿಡಿಯೊ ಕಳಿಸಿದ್ದ. ಅವರು ಜಮೀನು ಸರಿಮಾಡಲು ಮರ ಕಡಿಯುತ್ತಿದ್ದಾರೆ! ಮರ ಕಡಿದು ನೆಲ ಉಳಿಸುವುದು ಯಾವ ನ್ಯಾಯ? ನಾವೂ ಹಾಗೆ ಮಾಡಬಹುದಾ? ತಮ್ಮನ ಮಕ್ಕಳಂತೂ ಮಾರಿಬಿಡೋಣ ಅನ್ನುತ್ತಿದ್ದಾರೆ.
– ಹೆಸರು ಬೇಡ, ಕಡೂರು ತಾಲ್ಲೂಕು

ಉತ್ತರ: ಯಜಮಾನರೇ, ಮೊದಲು ಆ 60 ದನದ ಲೆಕ್ಕ ನೋಡೋಣ. ನಿಮ್ಮ ಕಡೆಯ ಮಳೆಗೆ 26 ಎಕರೆ ಬೀಳು ವರ್ಷಪೂರ್ತಿ 60 ದನಕ್ಕೆ ಸಾಲುವುದಿಲ್ಲ. ಹತ್ತಕ್ಕೆ ಸಾಲಿದರೆ ದೊಡ್ಡದು. ಹಾಗಂತ ನಿಮ್ಮ ಅಜ್ಜ ಸುಳ್ಳು ಹೇಳಲಿಲ್ಲ. ಆ ದನ ವರ್ಷದಲ್ಲಿ ಎಷ್ಟು ತಿಂಗಳು ಆ ಬೀಳಿನಲ್ಲಿದ್ದವು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ಮಳೆಗಾಲದಲ್ಲಿ ಒಂದೆರಡು ತಿಂಗಳು ಇದ್ದಿರಬೇಕು. ಸುಗ್ಗಿ ಆದ ಮೇಲೆ ಕೂಳೆ ಹೊಲಕ್ಕೆ ಹೋಗುತ್ತಿದ್ದವು. ಬೇಸಿಗೆಯಲ್ಲಿ ಕೆರೆಯಂಗಳಕ್ಕೆ. ಮಿಕ್ಕ ದಿನ ಗುಡ್ಡ, ಗೋಮಾಳ, ಕಾವಲು ಅನ್ನುವ ಮೀಸಲು ಹುಲ್ಲುಗಾವಲು. ನಿಮ್ಮ ಬೀಳು ವರ್ಷದ ಹೆಚ್ಚು ಭಾಗ ಖಾಲಿ ಬಿದ್ದಿರುತ್ತಿತ್ತು. ಹುಲ್ಲು ತೆನೆ ಬಿಟ್ಟು, ಬೀಜ ಉದುರಿಸಿ, ಒಣಗಿ ನಿಲ್ಲುವುದಕ್ಕೆ ಪುರಸೊತ್ತು ಸಿಗುತ್ತಿತ್ತು.

ಇದು ನಿಮ್ಮ ಅಜ್ಜ ಒಬ್ಬರ ಜಾಣತನ ಅಲ್ಲ, ಇಡೀ ಸೀಮೆಯ ರೂಢಿ. ಮೈಸೂರು ಅರಸರ ದನ ಸಾಕುವ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಅಂತ ಕರೆದದ್ದು ನಿಮಗೆ ಗೊತ್ತಿರಬೇಕು. ಅದರ ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಅಂತ ಮೂರು ಮಾಡಿದ್ದರು. ನೀರು, ನೆರಳು ಇರುವ ಕಾವಲು ಬೇಸಿಗೆಗೆ. ದನ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಜಾಸ್ತಿ ಇದ್ದ ಕಾವಲು ಈಗ ತುಂಡು ತುಂಡಾಗಿ ಉಳಿದಿದೆ. ದನ ನಡೆಯುವ ದಾರಿ ಮುಚ್ಚಿತು. ನಿಮ್ಮ ಬೀಳಿನ ಮೇಲೆ ವರ್ಷಪೂರ್ತಿ ಹೊರೆ ಬಿತ್ತು. ಹುಲ್ಲು ಸೋತಿತು, ಜಾಲಿ ಬಂತು. ಹುಲ್ಲು ದಟ್ಟ ಇದ್ದ ಕಡೆ ಜಾಲಿ ಸಸಿಗೆ ಅಷ್ಟು ಸಲೀಸಾಗಿ ಕಾಲೂರಲು ಆಗುವುದಿಲ್ಲ.

ಇನ್ನು ಮರ ಕಡಿಯುವ ವಿಷಯ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. 2016ರಲ್ಲಿ ಮಗಳ ಬಾಣಂತನಕ್ಕೆ ಆಸ್ಟಿನ್‌ಗೆ ಹೋಗಿದ್ದೆ. ಮಗುವಿಗೆ ಮೂರು ತಿಂಗಳಾದ ಮೇಲೆ ಅಳಿಯ, "ಅತ್ತೆ, ಅಡುಗೆಮನೆ ಬಿಟ್ಟು ಏನೂ ನೋಡಲಿಲ್ಲ ನೀವು" ಅಂತ ಪಶ್ಚಿಮಕ್ಕೆ ಬ್ಲಾಂಕೊ ಕೌಂಟಿಯ ಸೆಲಾ ಎಂಬ ರ‍್ಯಾಂಚ್‌ಗೆ ಕರೆದುಕೊಂಡು ಹೋದ. 5,500 ಎಕರೆ. ಅದು ತಲೆಮಾರಿನಿಂದ ಬಂದದ್ದಲ್ಲ, ಕೊಂಡದ್ದು. ಚರ್ಚಸ್ ಅನ್ನುವ ಕೋಳಿ ಹೋಟೆಲುಗಳ ವ್ಯವಹಾರದಲ್ಲಿ ದುಡ್ಡು ಮಾಡಿದ ಡೇವಿಡ್ ಬ್ಯಾಂಬರ್ಗರ್ ಎಂಬಾತ 1969ರಲ್ಲಿ ಕೊಂಡರು. ಅದೂ ಬೇಕಂತಲೇ ತೀರಾ ಕೆಟ್ಟುಹೋದ ಜಾಗ ಹುಡುಕಿ! ಮೇಯಿಸಿ ಮೇಯಿಸಿ ಹುಲ್ಲು ಹೋಗಿ, ನೆಲ ಕಾಣದ ಹಾಗೆ ಜುನಿಪರ್ ಪೊದೆ. ಅಲ್ಲಿಯವರು ಅದನ್ನು ಸೀಡರ್ ಅಂತಾರೆ. 500 ಅಡಿಯ ಏಳು ಬೋರ್ ಕೊರೆಸಿದರಂತೆ, ನೀರಿಲ್ಲ. ಆಮೇಲೆ ಜುನಿಪರ್ ತೆಗೆಸಿ, ಆ ಸೀಮೆಯದೇ ಹುಲ್ಲಿನ ಬೀಜ ಚೆಲ್ಲಿದರು. ಕೆಲವು ವರ್ಷದಲ್ಲಿ ಗುಡ್ಡದ ಮಗ್ಗುಲಲ್ಲಿ ಒರತೆ ಶುರುವಾಯಿತು. ಇವತ್ತಿಗೂ ಆ ಜಾಗಕ್ಕೆ ಅದೇ ನೀರು.

ಅಲ್ಲಿ ಒಂದು ಆಟ ತೋರಿಸುತ್ತಾರೆ. ಮಳೆ ಯಂತ್ರ ಅಂತ ಹೆಸರು. ಒಂದು ತಟ್ಟೆಯಲ್ಲಿ ಹುಲ್ಲಿನ ಹೆಪ್ಪು, ಪಕ್ಕದ್ದರಲ್ಲಿ ಹುಲ್ಲಿಲ್ಲದ ಮಣ್ಣು. ಮೇಲಿನಿಂದ ಎರಡಕ್ಕೂ ಒಂದೇ ಮಳೆ. ನಾನು ಇದನ್ನು ಊರಿಗೆ ಬಂದು ಹಿತ್ತಲಲ್ಲಿ ಮಾಡಿ ನೋಡಿದೆ. ಎರಡು ಹಳೇ ಬಾಂಡ್ಲಿಗೆ ತಳದಲ್ಲಿ ಮೊಳೆಯಿಂದ ತೂತು ಹೊಡೆಸಿದೆ. ಒಂದಕ್ಕೆ ಗರಿಕೆ, ಹಂಚಿ ಹುಲ್ಲು ಬೇರುಸಮೇತ ಕಿತ್ತ ಹೆಂಟೆ. ಇನ್ನೊಂದಕ್ಕೆ ಜಾಲಿ ಬುಡದ ಬೋಳು ಮಣ್ಣು. ಎರಡನ್ನೂ ಸ್ವಲ್ಪ ಓರೆಯಾಗಿ ಇಟ್ಟು, ಕೆಳಗೆ ಒಂದೊಂದು, ಅಂಚಿಗೆ ಒಂದೊಂದು ಬೋಗುಣಿ. ಹೂಕುಂಡಕ್ಕೆ ನೀರು ಹಾಕುವ ಜರಡಿ ಡಬ್ಬದಲ್ಲಿ ಎರಡಕ್ಕೂ ಅಳೆದು ಸುರಿದೆ. ಬೋಳು ಮಣ್ಣಿನಿಂದ ನೀರು ಅಂಚಿನ ಮೇಲೇ ಹರಿದು ಬಂತು, ಟೀ ಬಣ್ಣ. ತಳದಲ್ಲಿ ನಾಲ್ಕು ಹನಿ. ಹುಲ್ಲಿನ ಬಾಂಡ್ಲಿಯ ಅಂಚಿಗೆ ಹೆಚ್ಚೇನೂ ಬರಲಿಲ್ಲ. ತಳದಿಂದ ಹತ್ತು ನಿಮಿಷ ತೊಟ್ಟಿಕ್ಕಿತು, ತಿಳಿನೀರು. ನನ್ನ ಅಣ್ಣನ ಮಗ ಅವತ್ತು ಮೊಬೈಲು ಕೆಳಗಿಟ್ಟು ಕೂತು ನೋಡಿದ. ನೀವೂ ತಮ್ಮನ ಮಕ್ಕಳ ಎದುರಿಗೆ ಒಂದು ಸಲ ಮಾಡಿ. ಖರ್ಚು ಇಲ್ಲ.

ಒಂದು ಎಚ್ಚರಿಕೆ. ಮರ ಕಡಿದರೆ ಒರತೆ ಹುಟ್ಟುತ್ತದೆ ಅಂತ ಓದಿಕೊಳ್ಳಬೇಡಿ. ಅಲ್ಲಿ ನೆಲದಡಿ ಸುಣ್ಣಕಲ್ಲು. ನೀರು ಅದರ ಸಂದಿಗಳಲ್ಲಿ ಇಳಿದು ಮತ್ತೆಲ್ಲೋ ಹೊರಗೆ ಬರುತ್ತದೆ. ನಮ್ಮದು ಗಟ್ಟಿ ಬಂಡೆ. ನಿಮ್ಮ ಬೋರಿನ ಬಗ್ಗೆ ನಾನು ಮಾತು ಕೊಡುವುದಿಲ್ಲ. ಮೇಲ್ಮಣ್ಣು ನಿಲ್ಲುತ್ತದೆ, ಮೇವು ಬರುತ್ತದೆ. ಅಷ್ಟು ಹೇಳಬಲ್ಲೆ.

ಈಗ ನನ್ನ ಪೆದ್ದುತನ ಕೇಳಿ. ಅಜ್ಜಂಪುರದ ಹತ್ತಿರ ನಮ್ಮಪ್ಪನ 14 ಎಕರೆ ಇದೆ. ಟೆಕ್ಸಸ್‌ನಿಂದ ಬಂದ ಹುರುಪಿನಲ್ಲಿ ಆ ಬೇಸಿಗೆಯೇ ಆಳು ಹಚ್ಚಿ ಆರು ಎಕರೆ ಜಾಲಿ ನೆಲಮಟ್ಟಕ್ಕೆ ಕಡಿಸಿದೆ. ಬಯಲು ನೋಡಿ ಮನಸ್ಸಿಗೆ ಹಿತವಾಯಿತು. ಅಕ್ಕನಿಗೆ ಫೋಟೊ ಕಳಿಸಿದೆ. ಮುಂಗಾರು ಬಿದ್ದು ಒಂದು ತಿಂಗಳಿಗೆ ಹೋಗಿ ನೋಡಿದರೆ, ಒಂದೊಂದು ಬುಡದಿಂದ ಏಳೆಂಟು ಚಿಗುರು, ಮೊಣಕಾಲೆತ್ತರ! ನಡುವೆ ಜಾಗ ಸಿಕ್ಕಿದ ಕಡೆ ಪಾರ್ಥೇನಿಯಂ. ಮೊದಲು ಮರದ ಸಂದಿಯಲ್ಲಿ ನಡೆಯಬಹುದಿತ್ತು, ಈಗ ಅದೂ ಇಲ್ಲ. ಆಮೇಲೆ ತಿಳಿಯಿತು. ಆ ಟೆಕ್ಸಸ್ ಜುನಿಪರ್ ಬುಡ ಕಡಿದರೆ ಸತ್ತೇ ಹೋಗುತ್ತದೆ. ಜಾಲಿ ಸಾಯುವುದಿಲ್ಲ. ನಾನು ಮೂವತ್ತು ವರ್ಷ ದನದ ಹಿಂದೆ ಓಡಾಡಿದವಳು, ಆದರೂ ಇಷ್ಟು ಯೋಚಿಸಲಿಲ್ಲ.

ಅಲ್ಲಿನವರಿಗೂ ಇದೇ ಕಾಟ ಇದೆ, ಇನ್ನೊಂದು ಗಿಡದಿಂದ. ಮೆಸ್ಕೀಟ್ ಅಂತ. ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಅದು. ನಮ್ಮದು ಮೆಕ್ಸಿಕೊ, ದಕ್ಷಿಣ ಅಮೆರಿಕಾ ಕಡೆಯಿಂದ 19ನೇ ಶತಮಾನದಲ್ಲಿ ಈ ದೇಶಕ್ಕೆ ಬಂದು ಇಲ್ಲೇ ನೆಲೆಯೂರಿತು. ಎರಡರದ್ದೂ ಒಂದೇ ಬುದ್ಧಿ. ಕಾಯಿ ಸಿಹಿ, ದನ ಆಸೆಪಟ್ಟು ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಅರಗುವುದಿಲ್ಲ. ಸಗಣಿಯ ಜೊತೆ ಬಿದ್ದು, ಗೊಬ್ಬರದ ಗುಡ್ಡೆಯಲ್ಲೇ ಮೊಳೆಯುತ್ತದೆ. ದನವೇ ನೆಟ್ಟು ಕೊಟ್ಟ ಹಾಗೆ.

ಹಾಗಾದರೆ ಏನು ಮಾಡಬೇಕು? 26 ಎಕರೆಗೂ ಒಟ್ಟಿಗೆ ಕೈ ಹಾಕಬೇಡಿ. ಮೊದಲ ವರ್ಷ ಮೂರೇ ಎಕರೆ. ಎಲ್ಲಿ ಹುಲ್ಲು ಇನ್ನೂ ಸ್ವಲ್ಪ ಜೀವ ಇಟ್ಟುಕೊಂಡಿದೆಯೋ ಅಲ್ಲಿಂದ ಶುರುಮಾಡಿ. ತೀರಾ ಕೆಟ್ಟ ಮೂಲೆಯಿಂದ ಶುರುಮಾಡಿದರೆ ಎರಡನೇ ವರ್ಷಕ್ಕೆ ನಿಮಗೇ ಬೇಸರ ಬರುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದಾಗ ಗುದ್ದಲಿ, ಹಾರೆ ಹಿಡಿದು ಬುಡದ ಗಡ್ಡೆಯ ಭಾಗ ಪೂರ್ತಿ ಹೊರಗೆ ಬರುವ ಹಾಗೆ ಒಂದಡಿ ಆಳಕ್ಕೆ ಅಗೆದು ಕೀಳಿಸಿ. ಚಿಗುರು ಬರುವುದು ಅಲ್ಲಿಂದಲೇ. ಜೆಸಿಬಿ ಬೇಕಾದರೆ ದೊಡ್ಡ ಮರಕ್ಕೆ ಮಾತ್ರ. ಇಡೀ ನೆಲ ಕೆದರಿಸಿದಿರೋ, ಪಾರ್ಥೇನಿಯಂಗೆ ಹಾಸಿಗೆ ಹಾಸಿಕೊಟ್ಟಂತೆ. ಬನ್ನಿ, ಕರಿಜಾಲಿ, ಕಮರ, ಕಾರೆ, ಬೋರೆ ಇವನ್ನು ಮುಟ್ಟಬೇಡಿ. ಅವು ಈ ನೆಲದವು. ಕಡಿಯಲೇಬೇಕಾದರೆ ಮೊದಲು ಅರಣ್ಯದವರನ್ನು ಕೇಳಿ.

ಅಗೆದ ಗುಂಡಿಯನ್ನು ಆ ವಾರವೇ ಮುಚ್ಚಿ ಹುಲ್ಲಿನ ಬೀಜ ಹಾಕಿ. ಈ ಮಾತಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಳ್ಳಿ. ಖಾಲಿ ನೆಲ ಖಾಲಿ ಇರುವುದಿಲ್ಲ, ಯಾರು ಮೊದಲು ಬರುತ್ತಾರೋ ಅವರದ್ದು. ಬೀಜ ಎಲ್ಲಿ ಅಂದರೆ, ಅದಕ್ಕೂ ಹಿಂದಿನ ದೀಪಾವಳಿ ಕಳೆದ ಮೇಲೆ ನಿಮ್ಮ ಊರಿನ ಬದುಗಳಲ್ಲಿ, ದೇವಸ್ಥಾನದ ಸುತ್ತ, ದನ ನುಗ್ಗದ ಕಲ್ಲುಗುಡ್ಡೆಯಲ್ಲಿ ತೆನೆ ಒಣಗಿ ನಿಂತಿರುತ್ತದೆ. ಕೈಯಲ್ಲಿ ಸವರಿ ಗೋಣಿಚೀಲಕ್ಕೆ ತುಂಬಿಕೊಳ್ಳಿ. ಸಾಲದಿದ್ದರೆ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಧಾರವಾಡದಲ್ಲಿದೆ, ಅಲ್ಲಿ ವಿಚಾರಿಸಿ. ಅಂಜನ್ ಹುಲ್ಲಾದರೆ ಎಕರೆಗೆ ಎರಡು ಕಿಲೋ ಹತ್ತಿರ ಬೀಜ ಸಾಕು. ತೀರಾ ಹಗುರ, ಗಾಳಿಗೆ ಹಾರುತ್ತದೆ. ಒದ್ದೆ ಮಣ್ಣು, ಸಗಣಿ ಗೊಬ್ಬರದ ಜೊತೆ ಕಲಸಿ ಚೆಲ್ಲಿ. ಮೇಲೆ ಮಣ್ಣು ತೆಳ್ಳಗೆ ಮುಚ್ಚಿದರೆ ಆಯಿತು, ಆಳಕ್ಕೆ ಹೋದರೆ ಮೊಳೆಯುವುದಿಲ್ಲ.

ಆ ಮೂರು ಎಕರೆಗೆ ಮೊದಲ ವರ್ಷ ಒಂದು ಕರುವೂ ಇಳಿಯಬಾರದು. ಕುಡುಗೋಲಿನಿಂದ ಕೊಯ್ದು ತಂದು ಹಾಕಿ, ಅದೂ ಬೀಜ ಉದುರಿದ ಮೇಲೆ. ಐದಾರು ವರ್ಷದಲ್ಲಿ ಬೀಳು ಸುಮಾರಾಗಿ ತಿಳಿಯಾದ ಮೇಲೆ ನಾಲ್ಕು ಭಾಗ ಮಾಡಿ. ಪ್ರತಿ ವರ್ಷ ಒಂದು ಭಾಗಕ್ಕೆ ಪೂರ್ತಿ ರಜಾ. ಜಾಲಿ ಕಾಯಿ ತಿಂದ ದನವನ್ನು ತೆರವು ಮಾಡಿದ ಭಾಗಕ್ಕೆ ಒಂದು ವಾರ ಬಿಡಬೇಡಿ, ಕೊಟ್ಟಿಗೆಯಲ್ಲೇ ಕಟ್ಟಿ. ಹೊಸ ಸಸಿ ಆದರೂ ಬರುತ್ತವೆ, ಮಣ್ಣಿನಲ್ಲಿ ಹಳೇ ಬೀಜ ಇದ್ದೇ ಇದೆ. ನಮ್ಮಲ್ಲಿ ಪ್ರತಿ ಶ್ರಾವಣದಲ್ಲಿ ಮನೆಮಂದಿಯೆಲ್ಲ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಕೈಯಲ್ಲೇ ಕಿತ್ತು ಬರುತ್ತೇವೆ. ಗೇಣುದ್ದ ಇರುವಾಗ ಸುಲಭವಾಗಿ ಬರುತ್ತದೆ. ಹೋದ ವರ್ಷ ನನ್ನ ಮೊಮ್ಮಗ ಕಿತ್ತದ್ದು 112. ಲೆಕ್ಕ ಅವನದ್ದೇ, ಹಾಗಾಗಿ ಸ್ವಲ್ಪ ಕಡಿಮೆ ಮಾಡಿ ಓದಿಕೊಳ್ಳಿ. ಗೌಜಲಹಕ್ಕಿ ಈಗ ಮತ್ತೆ ಕೂಗುತ್ತಿದೆ, ಅದಕ್ಕೆ ಮಾತ್ರ ನಾನೇ ಸಾಕ್ಷಿ.

ಇನ್ನು ತಮ್ಮನ ಮಕ್ಕಳು. ಅವರನ್ನು ಬೈಯಬೇಡಿ. ವರಮಾನ ಇಲ್ಲದ 26 ಎಕರೆ ಅವರಿಗೆ ಏಕೆ ಬೇಕು? ಟೆಕ್ಸಸ್‌ನಲ್ಲೂ ರ‍್ಯಾಂಚ್‌ಗಳು ಕೈಬಿಡುವುದು ಬರದಿಂದ ಮಾತ್ರ ಅಲ್ಲ, ಪಾಲಿನಿಂದಲೂ. ಅಲ್ಲಿ ಕಿಂಗ್ ರ‍್ಯಾಂಚ್ ಅಂತ ಇದೆ. 1853ರಲ್ಲಿ ಶುರುವಾದದ್ದು, ಈಗ 8,25,000 ಎಕರೆ, ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು. ಮನೆಯ ಯಜಮಾನಿ ಹೆನ್ರಿಯೆಟಾ ಕಿಂಗ್ 1925ರಲ್ಲಿ ತೀರಿಕೊಂಡಾಗ ಪಾಲಿನ ಪ್ರಶ್ನೆ ಬಂತು. ಒಂದಷ್ಟು ಹಂಚಿಕೆಯೂ ಆಯಿತು. ಉಳಿದದ್ದನ್ನು 1934ರಲ್ಲಿ ಕಂಪನಿ ಮಾಡಿದರು. ವಾರಸುದಾರರಿಗೆ ಷೇರು, ನೆಲ ಒಟ್ಟಿಗೆ. ಇನ್ನೂ ಕೆಲವು ಮನೆತನದವರು ಭೂಮಿ ಕಾಯುವ ಸಂಸ್ಥೆಗಳ ಜೊತೆ ಕಾಯಂ ಕರಾರು ಮಾಡಿಕೊಳ್ಳುತ್ತಾರೆ. ಜಮೀನು ಅವರದ್ದೇ, ದನವೂ ಅವರದ್ದೇ, ಆದರೆ ಸೈಟು ಮಾಡುವ ಹಕ್ಕು ಬಿಟ್ಟುಕೊಟ್ಟಿರುತ್ತಾರೆ. ಮುಂದೆ ಕೊಂಡವರಿಗೂ ಅದೇ ಕಟ್ಟು. ಅದಕ್ಕೆ ಬದಲಾಗಿ ತೆರಿಗೆಯಲ್ಲಿ ರಿಯಾಯಿತಿ. ನೂರು ವರ್ಷ ಒಂದೇ ಮನೆತನದ ಕೈಯಲ್ಲಿ ಉಳಿದ ಜಮೀನಿಗೆ ಟೆಕ್ಸಸ್ ಕೃಷಿ ಇಲಾಖೆ 1974ರಿಂದ ಗೌರವ ಪತ್ರ ಕೊಡುತ್ತಾ ಬಂದಿದೆ. ನಮ್ಮಲ್ಲಿ ಕೊಡುವುದಾದರೆ ಮುದ್ರಿಸಿ ಮುಗಿಯಲಿಕ್ಕಿಲ್ಲ, ಅಷ್ಟು ಜನ ಇದ್ದಾರೆ.

ಅಂದ ಹಾಗೆ, ದನದ ಡಾಕ್ಟರಾಗಿ ಇದೊಂದು ಹೇಳದಿದ್ದರೆ ಸಮಾಧಾನ ಇಲ್ಲ. ಆ ಕಿಂಗ್ ರ‍್ಯಾಂಚ್‌ನವರು ಬೆಳೆಸಿದ ಸಾಂತಾ ಗರ್ಟ್ರೂಡಿಸ್ ತಳಿಗೆ 1940ರಲ್ಲಿ ಮಾನ್ಯತೆ ಸಿಕ್ಕಿತು. ಅದರಲ್ಲಿ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್ ತಳಿಯ ರಕ್ತ. ಆ ಬ್ರಾಹ್ಮನ್ ಅಂದರೆ ನಮ್ಮ ಕಾಂಕ್ರೇಜ್, ಒಂಗೋಲ್, ಗಿರ್ ಜೊತೆಗೆ ಕೃಷ್ಣಾ ತೀರದ ತಳಿಯೂ ಸೇರಿ ಆದದ್ದು. ಬಾಗಲಕೋಟೆ, ಬೆಳಗಾವಿ ಕಡೆಯ ಕೃಷ್ಣಾ ವ್ಯಾಲಿ ಹೋರಿ! ಇಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು. ಅಲ್ಲಿ ಅದರ ಮರಿಮಕ್ಕಳು ಮೆಸ್ಕೀಟ್ ಕಾಯಿ ತಿಂದುಕೊಂಡು ಆರಾಮಾಗಿವೆ.

ನಿಮ್ಮ ಮನೆಗೆ ಕಂಪನಿ ಬೇಡ. ನಾವು ಮಾಡಿದ್ದು ಹೇಳುತ್ತೇನೆ. ನಾವು ನಾಲ್ವರು, ಇಬ್ಬರು ಅಣ್ಣಂದಿರು, ಇಬ್ಬರು ಹೆಣ್ಣುಮಕ್ಕಳು. ಚಿಕ್ಕಣ್ಣನಿಗೆ ಮಾರುವ ಮನಸ್ಸಿತ್ತು. ಒಂದು ವರ್ಷ ಮಾತೇ ನಿಂತಿತ್ತು. ಕೊನೆಗೆ ಅಪ್ಪನ ಹೆಸರಿನಿಂದ ನಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಿ, ಅಳತೆ ಮಾಡಿಸಿ, ವಿಭಾಗ ಪತ್ರ ರಿಜಿಸ್ಟರ್ ಮಾಡಿಸಿದೆವು. ನಾಲ್ವರಿಗೂ ನಾಲ್ಕು ಪಹಣಿ. ಆದರೆ ನಡುವೆ ಬೇಲಿ ಹಾಕಲಿಲ್ಲ. ಒಣಹುಲ್ಲನ್ನು ವರ್ಷಕ್ಕೊಮ್ಮೆ ಊರವರ ಎದುರು ಹರಾಜು ಹಾಕಿ ದುಡ್ಡು ನಾಲ್ಕು ಭಾಗ. ದೊಡ್ಡ ದುಡ್ಡೇನಲ್ಲ. ಪಾಲು ತನ್ನದು ಅಂತ ಕಾಗದ ಕೈಗೆ ಬಂದ ಮೇಲೆ ಚಿಕ್ಕಣ್ಣ ಮಾರುವ ಮಾತು ಎತ್ತಿಲ್ಲ. ಈಗ ಹರಾಜಿನ ದಿನ ಎಲ್ಲರಿಗಿಂತ ಮೊದಲು ಬಂದು ಕಲ್ಲಿನ ಮೇಲೆ ಕೂತಿರುತ್ತಾನೆ.

ಪ್ರಶ್ನೆ: ಕಿತ್ತ ಜಾಲಿಯನ್ನು ಏನು ಮಾಡುವುದು? ಇದ್ದಿಲು ಸುಟ್ಟರೆ ಲಾಭವಾ?
– ಸ್ತ್ರೀಶಕ್ತಿ ಸಂಘದ ಸದಸ್ಯೆ, ಹಿರಿಯೂರು

ಉತ್ತರ: ಲಾಭವೇ. ಜಾಲಿ ಸೌದೆ ಗಟ್ಟಿ, ಇದ್ದಿಲು ಒಳ್ಳೆಯದು. ಇದ್ದಿಲು ಸುಡುವವರೇ ಬಂದು ಕಡಿದುಕೊಂಡು ಹೋಗುತ್ತೇವೆ ಅಂತ ಕೇಳುತ್ತಾರೆ. ಒಪ್ಪಿಕೊಳ್ಳುವಾಗ ಒಂದೇ ಷರತ್ತು ಹಾಕಿ ತಾಯಿ, ಬುಡ ಅಗೆದು ಕೊಡಬೇಕು. ಅವರಿಗೆ ಅದು ಬೇಕಿಲ್ಲ. ಬುಡ ಬಿಟ್ಟರೆ ಮೂರು ವರ್ಷಕ್ಕೆ ಮತ್ತೆ ಸೌದೆ ಸಿಗುತ್ತದೆ, ಅವರ ಕಸುಬು ಅದು. ದುಡ್ಡು ಸ್ವಲ್ಪ ಕಡಿಮೆ ಆದರೂ ಬುಡದ ಮಾತು ಬಿಡಬೇಡಿ. ಸಣ್ಣ ಮುಳ್ಳು ರೆಂಬೆಯನ್ನು ಮಾರಬೇಡಿ. ಬೀಜ ಹಾಕಿದ ಜಾಗದ ಮೇಲೆ ಹರಡಿದರೆ ಮೇಕೆಗಳು ಹತ್ತಿರ ಬರುವುದಿಲ್ಲ. ಹರಡುವ ಮೊದಲು ಕಾಯಿ ಇದ್ದರೆ ಉದುರಿಸಿಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ಬೀಳಿಗೆ ಬೆಂಕಿ ಹಾಕಿದರೆ ಹೊಸ ಚಿಗುರು ಸೊಗಸಾಗಿ ಬರುತ್ತದೆ ಎನ್ನುತ್ತಾರೆ. ಅಮೆರಿಕದ ರ‍್ಯಾಂಚ್‌ನವರೂ ಹಾಕುತ್ತಾರಂತೆ, ನಿಜವೇ?
– ಯುವ ರೈತ, ಶಿರಾ

ಉತ್ತರ: ಹಾಕುತ್ತಾರೆ, ನಿಜ. ಆದರೆ ಗಾಳಿ, ತೇವ ಎಲ್ಲ ನೋಡಿ, ಸುತ್ತ ಹುಲ್ಲು ಕೆರೆದು ಬರಿ ನೆಲ ಮಾಡಿ, ನೀರಿನ ಟ್ಯಾಂಕು ಇಟ್ಟುಕೊಂಡು, ಪಕ್ಕದವರಿಗೆ ಹೇಳಿ ಹಾಕುತ್ತಾರೆ. ಕಲಿತವರು ಎದುರಿಗಿರುತ್ತಾರೆ. ನಮ್ಮಲ್ಲಿ ಬೀಡಿ ಹಚ್ಚಿದ ಕಡ್ಡಿಯಲ್ಲೇ ಕೆಲಸ ಮುಗಿಯುತ್ತದೆ.

ಆಲ್ಡೊ ಲಿಯೊಪೋಲ್ಡ್ ಅಂತ ಒಬ್ಬರಿದ್ದರು, ವಿಸ್ಕಾನ್ಸಿನ್‌ನಲ್ಲಿ ಪ್ರೊಫೆಸರು. 1935ರಲ್ಲಿ ಬರಡಾದ ಹಳೇ ಫಾರಂ ಒಂದನ್ನು ಕೊಂಡು, ಕೋಳಿಗೂಡನ್ನೇ ಗುಡಿಸಲು ಮಾಡಿಕೊಂಡು, ಹೆಂಡತಿ ಮತ್ತು ಐವರು ಮಕ್ಕಳ ಜೊತೆ ರಜಾ ದಿನಗಳಲ್ಲಿ ಸಾವಿರಗಟ್ಟಲೆ ಸಸಿ ನೆಟ್ಟರು, ಹುಲ್ಲುಗಾವಲು ಮತ್ತೆ ಎಬ್ಬಿಸಿದರು. ನೆಲದ ಬಗ್ಗೆ ಅಷ್ಟು ತಿಳಿದವರು. 1948ರ ಏಪ್ರಿಲ್‌ನಲ್ಲಿ ಪಕ್ಕದವರ ಜಮೀನಿನ ಹುಲ್ಲಿಗೆ ಬಿದ್ದ ಬೆಂಕಿ ಆರಿಸಲು ಓಡಿದರು. ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಆ ಜಾಗವನ್ನು ಮುಂದೆ ಮಕ್ಕಳೇ ನೋಡಿಕೊಂಡರು, 1982ರಲ್ಲಿ ಐವರೂ ಸೇರಿ ಪ್ರತಿಷ್ಠಾನ ಮಾಡಿದರು.

ನೀವು ಬೆಂಕಿ ಹಾಕಬೇಡಿ. ಚಿಗುರು ಬೇಕಾದರೆ ಒಣಹುಲ್ಲು ಕೊಯ್ದು ಬಣವೆ ಒಟ್ಟಿ. ಮೇವೂ ಉಳಿಯಿತು, ನೆಲಕ್ಕೆ ಬೆಳಕೂ ಬಿತ್ತು.

ಪ್ರಶ್ನೆ: ಅಪ್ಪ 2001ರಲ್ಲಿ ಹೋದರು. ತವರಿನ ಪಿತ್ರಾರ್ಜಿತ ಹುಲ್ಲುಗಾವಲನ್ನು ಅಣ್ಣಂದಿರು ಲೇಔಟಿನವರಿಗೆ ಕೊಡುತ್ತಿದ್ದಾರೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಕರು ಕಾಯುತ್ತಿದ್ದೆ. ಮದುವೆಯಾಗಿ ಹೋದವಳಿಗೆ ಬೇಡ ಅನ್ನುವ ಹಕ್ಕಿದೆಯಾ?
– ತಂಗಿ, ತುರುವೇಕೆರೆ

ಉತ್ತರ: ಇದೆ ಕಣಮ್ಮ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ವಿಭಾಗವೋ ಮಾರಾಟವೋ ಆಗಿದ್ದರೆ ಮಾತು ಬೇರೆ. ಇಡೀ ಜಮೀನು ಮಾರಬೇಡಿ ಅಂತ ತಡೆಯಲು ಆಗದಿದ್ದರೂ ನಿಮ್ಮ ಪಾಲು ನಿಮ್ಮದು. ನಾಳೆಯೇ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಅಪ್ಪನ ಹೆಸರೇ ಇದ್ದರೆ ಇನ್ನೂ ಸಮಯ ಇದೆ. ಅದನ್ನು ಹಿಡಿದುಕೊಂಡು ವಕೀಲರ ಹತ್ತಿರ ಹೋಗಿ, ಅಣ್ಣಂದಿರ ಮನೆಗೆ ಆಮೇಲೆ. ಯಾವುದೇ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ, ಅರಿಶಿನ ಕುಂಕುಮದ ಜೊತೆ ಸೀರೆ ಕೊಟ್ಟರೂ ಸರಿ. ಸೀರೆ ಬೇಕಾದರೆ ತೆಗೆದುಕೊಳ್ಳಿ.